ಪಕ್ಕದಲ್ಲಿ ಯಾರು ಕೂತಿದ್ದಾರೆ?

(ಬಿ.ಎಡ್. ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದೆರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀವು ನನಗೆ ಕೊಟ್ಟಿರುವ ವಿಷಯ ‘ಪ್ರಶ್ನಿಸುವ ಮನೋಭಾವ ಬೆಳೆಸುವಲ್ಲಿ ಶಿಕ್ಷಣದ ಪಾತ್ರ’. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರುವ ಪ್ರಶ್ನೆಯ ಹಾಗಿದೆ. ಉತ್ತರವೂ ನಿಮಗೆ ಬಾಯಿಪಾಠ ಇರುತ್ತದೆ. ಶಿಕ್ಷಣ ಅಜ್ಞಾನ ಕಳೆಯುತ್ತದೆ, ಜಾತಿಭೇದ ಅಳಿಸುತ್ತದೆ, ಸಮಾನತೆ ತರುತ್ತದೆ. ಅಷ್ಟು ಬರೆದು ಒಂದು ಗೆರೆ ಎಳೆದರೆ ಎಂಟು ಮಾರ್ಕ್ಸ್ ಗ್ಯಾರಂಟಿ.

ನನಗೆ ಆ ಉತ್ತರದ ಮೇಲೇ ಅನುಮಾನ. ಓದಿದವರಲ್ಲಿ ಜಾತಿ ಕಮ್ಮಿ ಆಗಿದೆ ಅಂತ ನಿಮಗೆ ನಿಜಕ್ಕೂ ಅನ್ನಿಸುತ್ತದಾ? ಭಾನುವಾರದ ಪೇಪರಿನಲ್ಲಿ ವಧೂವರರ ಜಾಹೀರಾತು ನೋಡಿ. ಹುಡುಗ ಎಂ.ಟೆಕ್., ಅಮೆರಿಕದಲ್ಲಿ ಕೆಲಸ. ಅದರ ಕೆಳಗೆ ಜಾತಿ, ಒಳಪಂಗಡ, ಗೋತ್ರ, ನಕ್ಷತ್ರ. ಹಿಂದೆ ಇದನ್ನೆಲ್ಲ ಊರಿನ ಹಿರಿಯರು ನೆನಪಿಟ್ಟುಕೊಂಡು ಹುಡುಕಬೇಕಿತ್ತು. ಈಗ ಓದಿದ ಹುಡುಗರು ಬರೆದ ಸಾಫ್ಟ್‌ವೇರ್ ಒಂದೇ ಕ್ಲಿಕ್ಕಿಗೆ ಸೋಸಿ ಕೊಡುತ್ತದೆ. ಕೆಲಸ ಸಲೀಸಾಗಿದೆ, ಅಷ್ಟೇ.

ಇದು ಬರೀ ನನ್ನ ಕೊಂಕು ಮಾತಲ್ಲ, ಲೆಕ್ಕವೂ ಇದೆ. 2011-12ರಲ್ಲಿ ದೇಶಾದ್ಯಂತ 42 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮಾನವ ಅಭಿವೃದ್ಧಿ ಸಮೀಕ್ಷೆಯೊಂದು ನಡೆಯಿತು. ದೆಹಲಿಯ ಎನ್‌ಸಿಎಇಆರ್ ಅನ್ನುವ ಆರ್ಥಿಕ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರಾ ಅಂತ ನೇರವಾಗಿ ಕೇಳಿದರು. ಇಲ್ಲ ಅಂದವರಿಗೆ ಇನ್ನೊಂದು ಪ್ರಶ್ನೆ ಹಾಕಿದರು: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಮುಟ್ಟಿದರೆ ಪರವಾಗಿಲ್ಲವಾ? ಎರಡೂ ಸೇರಿ ಸುಮಾರು 27 ಶೇಕಡಾ ಮನೆಗಳು ಒಂದಲ್ಲ ಒಂದು ರೀತಿ ಆಚರಿಸುತ್ತೇವೆ ಅಂತ ಒಪ್ಪಿಕೊಂಡವು. ಸಂವಿಧಾನ ಬಂದು ಅರವತ್ತು ವರ್ಷ ಆದಮೇಲಿನ ಮಾತು ಇದು, ಅದೂ ಯಾರೋ ಅಪರಿಚಿತರು ಫಾರಂ ಹಿಡಿದು ಕೇಳಿದಾಗ. ಬಾಯಿ ಬಿಡದವರು ಎಷ್ಟು ಜನವೋ.

ಅದೇ ಸಮೀಕ್ಷೆಯ ಅಂಕಿಅಂಶ ಇಟ್ಟುಕೊಂಡು ದೆಹಲಿಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅರ್ಥಶಾಸ್ತ್ರಜ್ಞರು ಅಂತರ್ಜಾತಿ ಮದುವೆಗಳನ್ನು ನೋಡಿದರು. ನಮ್ಮಲ್ಲಿ ಅಂಥ ಮದುವೆ ನೂರಕ್ಕೆ ಐದಾರು ಮಾತ್ರ. ಹುಡುಗ ಹುಡುಗಿ ಜಾಸ್ತಿ ಓದಿದ್ದರೆ ಇದು ಹೆಚ್ಚಾಗಬೇಕಿತ್ತು, ಅಲ್ವಾ? ಆಗಿರಲಿಲ್ಲ. ಮದುವೆಯಾಗುವವರ ಓದಿಗೂ ಅಂತರ್ಜಾತಿ ಮದುವೆಗೂ ಹೇಳಿಕೊಳ್ಳುವಂಥ ಸಂಬಂಧವೇ ಸಿಗಲಿಲ್ಲ. ಸಂಬಂಧ ಸಿಕ್ಕಿದ್ದು ಒಂದೇ ಕಡೆ. ಹುಡುಗನ ತಾಯಿ ಎಷ್ಟು ಓದಿದ್ದಾರೆ ಅನ್ನುವುದರಲ್ಲಿ!

ಅತ್ತೆಯ ಓದು. ನಗಬೇಡಿ, ಇದರಲ್ಲಿ ವಿಷಯ ಇದೆ. ಹುಡುಗನಿಗೆ ಸಿಕ್ಕ ಡಿಗ್ರಿ ಅವನಿಗೆ ಕೆಲಸ ಕೊಟ್ಟಿತು, ಮದುವೆ ಮಾರುಕಟ್ಟೆಯಲ್ಲಿ ಬೆಲೆ ಏರಿಸಿತು. ಹಳೆಯ ಏರ್ಪಾಟನ್ನು ಪ್ರಶ್ನಿಸುವ ಗರಜು ಅವನಿಗೆ ಬರಲಿಲ್ಲ. ಅವನ ತಾಯಿಯ ಕಾಲಕ್ಕೆ ಹೆಣ್ಣುಮಗಳು ನಾಲ್ಕು ಅಕ್ಷರ ಕಲಿಯಬೇಕಾದರೆ ಮನೆಯಲ್ಲಿ ಯಾರ ಮಾತನ್ನಾದರೂ ಮೀರಲೇಬೇಕಿತ್ತು. ಮೀರಿ ಕಲಿತ ಓದು ಬೇರೆ ಥರ ಕೆಲಸ ಮಾಡುತ್ತದೆ. ಇದು ಆ ಅಧ್ಯಯನದ ಮಾತಲ್ಲ, ನನ್ನ ಊಹೆ. ನಿಮಗೆ ಬೇರೆ ಕಾರಣ ಹೊಳೆದರೆ ಹೇಳಿ.

ಹಾಗಾದರೆ ಓದು ಯಾವಾಗ ಪ್ರಶ್ನೆ ಹುಟ್ಟಿಸುತ್ತದೆ? ಒಬ್ಬಳು ಹುಡುಗಿಯ ಕಥೆ ಹೇಳುತ್ತೇನೆ.

ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ನಿಮಗೆ ಗೊತ್ತು. ಆಮೇಲೆ ಅಲ್ಲಿ ಅಸ್ಪೃಶ್ಯರು ಅನ್ನಿಸಿಕೊಂಡಿದ್ದ ಮಹಾರ್, ಮಾಂಗ್ ಜಾತಿಗಳ ಮಕ್ಕಳಿಗೂ ಶಾಲೆ ಮಾಡಿದರು. ಆ ಶಾಲೆಯಲ್ಲಿ ಮುಕ್ತಾಬಾಯಿ ಸಾಳ್ವೆ ಅಂತ ಒಬ್ಬ ಮಾಂಗ್ ಹುಡುಗಿ ಇದ್ದಳು. ಹದಿನಾಲ್ಕು ವರ್ಷ. ಶಾಲೆಗೆ ಬಂದು ಮೂರು ವರ್ಷ ಆಗಿತ್ತು. ಅವಳೊಂದು ಪ್ರಬಂಧ ಬರೆದಳು. 1855ರಲ್ಲಿ ಅದು ‘ಜ್ಞಾನೋದಯ’ ಅನ್ನುವ ಮರಾಠಿ ಪತ್ರಿಕೆಯಲ್ಲಿ ಅಚ್ಚಾಯಿತು.

ಅವಳು ಕೇಳಿದ್ದು ಏನು ಗೊತ್ತಾ? ವೇದ ನಮ್ಮದು ಮಾತ್ರ, ನೀವು ಅದನ್ನು ನೋಡಲೂ ಕೂಡದು ಅಂತ ಬ್ರಾಹ್ಮಣರು ಹೇಳುತ್ತಾರೆ. ಸರಿ, ಹಾಗಾದರೆ ನಮಗೆ ಧರ್ಮಗ್ರಂಥವೇ ಇಲ್ಲ. ಗ್ರಂಥ ಇಲ್ಲ ಅಂದಮೇಲೆ ನಮಗೆ ಧರ್ಮವೂ ಇಲ್ಲ. ದೇವರೇ, ನಮ್ಮ ಧರ್ಮ ಯಾವುದು ಅಂತ ನೀನೇ ಹೇಳು. ಒಂದೊಂದೇ ಮೆಟ್ಟಿಲು ಇಟ್ಟು ಹತ್ತುವ ಹಾಗೆ ವಾದ ಕಟ್ಟುತ್ತಾಳೆ. ಬೈಗುಳ ಇಲ್ಲ, ಗೋಳಾಟವೂ ಇಲ್ಲ. ಎದುರಿನವರ ಮಾತನ್ನೇ ಒಪ್ಪಿಕೊಂಡು, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ ಅಂತ ತೋರಿಸುತ್ತಾಳೆ. ಇವತ್ತು ಪಿಎಚ್.ಡಿ. ಮಾಡಿದವರಿಗೂ ಇದು ಸುಲಭವಾಗಿ ಬರುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಜಾಗ. ಮೇಲಿನವರನ್ನು ಕೇಳಿ ಅವಳು ನಿಲ್ಲಿಸುವುದಿಲ್ಲ. ಮಹಾರರ ಕಡೆಗೂ ತಿರುಗುತ್ತಾಳೆ. ತಮ್ಮ ಹಾಗೆಯೇ ತುಳಿತಕ್ಕೆ ಸಿಕ್ಕವರು, ಅವರಾದರೂ ಮಾಂಗರ ನೆರಳು ಸೋಕಿದರೆ ಮೈಲಿಗೆ ಅಂತಾರಲ್ಲ, ಇದೇನು ಅಂತ ಕೇಳುತ್ತಾಳೆ. ಮಹಾರ್ ಮಕ್ಕಳಿಗೂ ಮಾಂಗ್ ಮಕ್ಕಳಿಗೂ ಅಂತಲೇ ನಡೆದ ಶಾಲೆಯ ಹುಡುಗಿ ಅವಳು, ಮರೆಯಬೇಡಿ. ದೂರದ ಅನ್ಯಾಯವನ್ನು ಬೈಯುವುದು ಸುಲಭ. ಒಂದೇ ಛಾವಣಿ ಕೆಳಗೆ ಓದುವ ಜನರ ಅನ್ಯಾಯವನ್ನು ಹೆಸರಿಟ್ಟು ಹೇಳುವುದಕ್ಕೆ ಬೇರೆ ಧೈರ್ಯ ಬೇಕು.

ಮೂರು ವರ್ಷದಲ್ಲಿ ಆ ಶಾಲೆ ಅವಳಿಗೆ ಏನು ಕಲಿಸಿರಬಹುದು? ಓದು, ಬರಹ, ಒಂದಿಷ್ಟು ಲೆಕ್ಕ. ನಮ್ಮ ಶಾಲೆಗಳೂ ಅದನ್ನೇ ಕಲಿಸುತ್ತವೆ. ಆದರೆ ಆ ಶಾಲೆ ಇದ್ದದ್ದೇ ಒಂದು ದೊಡ್ಡ ಪಾಠ. ಹೊರಗೆ ಎಲ್ಲರೂ ಕೂಡದು ಅಂದದ್ದನ್ನು ಒಳಗೆ ಇಬ್ಬರು ಮಾಡುತ್ತಿದ್ದಾರೆ, ಕಲ್ಲು ಸಗಣಿ ಬಿದ್ದರೂ ಮಾಡುತ್ತಿದ್ದಾರೆ. ಅದನ್ನು ದಿನಾ ಕಣ್ಣಾರೆ ನೋಡಿದ ಮಗುವಿಗೆ ಯಾವ ಕಟ್ಟಳೆಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಇದಕ್ಕೆ ಉಲ್ಟಾ ಇರುವ ಶಾಲೆಯೂ ನಿಮಗೆ ಗೊತ್ತಿದೆ. ಸಾತಾರಾದ ಶಾಲೆಯಲ್ಲಿ ಭೀಮರಾವ್ ಅನ್ನುವ ಹುಡುಗ ಮನೆಯಿಂದ ಗೋಣಿತಾಟು ತಂದು ಅದರ ಮೇಲೆ ಕೂರುತ್ತಿದ್ದ. ಸಂಜೆ ಅದನ್ನು ವಾಪಸ್ ಒಯ್ಯಬೇಕು, ಯಾಕೆಂದರೆ ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಆ ಕೋಣೆಯಲ್ಲಿ ಇನ್ನೂ ಎಷ್ಟೋ ಮಕ್ಕಳಿದ್ದರು. ಅವರೆಲ್ಲರಿಗೂ ಶಾಲೆ ಪಾಠ ಹೇಳುತ್ತಲೇ ಇತ್ತು. ಪುಸ್ತಕದಲ್ಲಿ ಇಲ್ಲದ ಪಾಠ. ಗೋಣಿತಾಟಿನ ಮೇಲೆ ಕೂತ ಹುಡುಗ ಮುಂದೆ ಏನಾದ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಉಳಿದ ಮಕ್ಕಳು ಏನು ಕಲಿತು ಮನೆಗೆ ಹೋದರು ಅಂತ ಯಾರೂ ಕೇಳುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಮಂಗಳೂರಿನವರು ಯಾರಾದರೂ ಇದ್ದರೆ ಕುದ್ಮುಲ್ ರಂಗರಾವ್ ಹೆಸರಿನ ಪುರಭವನ ನೋಡಿರುತ್ತೀರಿ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು, ಸಾರಸ್ವತ ಬ್ರಾಹ್ಮಣರು. 1892ರಲ್ಲಿ ಮಂಗಳೂರಿನ ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಮಕ್ಕಳು ಬರಲಿ ಅಂತ ಅವರು ಹಾಜರಾದವರಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು ಅಂತ ಹೇಳುತ್ತಾರೆ. ಉಪದೇಶ ಮಾಡಿ ಕೂರಲಿಲ್ಲ ಆ ಮನುಷ್ಯ. ಮಗು ಶಾಲೆಗೆ ಬಂದರೆ ಮನೆಗೆ ಬರುವ ಕೂಲಿ ತಪ್ಪುತ್ತದೆ ಅನ್ನುವ ಲೆಕ್ಕ ಅವರಿಗೆ ಗೊತ್ತಿತ್ತು.

ತಾನು ಓದಿಸಿದ ಮಕ್ಕಳಲ್ಲಿ ಯಾರಾದರೂ ಒಬ್ಬರು ಸರ್ಕಾರಿ ನೌಕರಿ ಹಿಡಿದು, ನಮ್ಮೂರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ನನ್ನ ತಲೆಗೆ ತಾಗಬೇಕು ಅನ್ನುವ ಅರ್ಥದ ಅವರ ಮಾತು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಭಾಷಣಗಳಲ್ಲಿ ಅದನ್ನು ಹೇಳಿ ಹೇಳಿ ಸವೆಸಿಬಿಟ್ಟಿದ್ದೇವೆ. ಕಮ್ಮಿ ಜನ ಹೇಳುವ ಇನ್ನೊಂದು ಸಂಗತಿ ಇದೆ. ಅವರ ಮಗಳು ರಾಧಾಬಾಯಿ 1912ರಲ್ಲಿ ಕುಮಾರಮಂಗಲದ ಜಮೀನ್ದಾರ ಮನೆತನದ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಬೇರೆ ಜಾತಿ, ಬೇರೆ ಭಾಷೆ. ಆ ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ಅಪ್ಪ ಊರಿನ ಮಕ್ಕಳಿಗೆ ಶಾಲೆ ತೆರೆದು ಸುಮ್ಮನಾಗಲಿಲ್ಲ, ತನ್ನ ಮನೆಯ ಬಾಗಿಲನ್ನೂ ತೆರೆದರು. ಬೇರೆಯವರ ಮಕ್ಕಳಿಗೆ ಸಮಾನತೆ ಬೋಧಿಸಿ ಮನೆಗೆ ಬಂದು ಜಾತಕ ನೋಡುವ ಮೇಷ್ಟ್ರುಗಳನ್ನು ನಾನು ಬಹಳ ನೋಡಿದ್ದೇನೆ. ಸ್ಟಾಫ್ ರೂಮಿನಲ್ಲಿ ಅವರದ್ದೇ ಬಹುಮತ.

ಪ್ರಶ್ನೆ ಅಂದಕೂಡಲೇ ಕರ್ನಾಟಕದಲ್ಲಿ ನೆನಪಾಗುವ ಹೆಸರು ಎಚ್. ನರಸಿಂಹಯ್ಯ. ಎಚ್ಚೆನ್ ಮೇಷ್ಟ್ರು. ಗೌರಿಬಿದನೂರಿನ ಹೊಸೂರಿನ ಬಡ ಮನೆಯ ಹುಡುಗ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡಿ ಬಂದು, ಕೊನೆವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವುದಕ್ಕೆ ಒಂದು ಸಮಿತಿ ಮಾಡಿದರು. ಗಾಳಿಯಿಂದ ವಿಭೂತಿ, ಉಂಗುರ ಸೃಷ್ಟಿಸುತ್ತಾರೆ ಅನ್ನುವ ಪುಟ್ಟಪರ್ತಿಯ ಸಾಯಿಬಾಬಾ ಅವರಿಗೇ ಪತ್ರ ಬರೆದರು. ನಿಮ್ಮ ಶಕ್ತಿಯನ್ನು ನಮ್ಮ ಸಮಿತಿಯ ಮುಂದೆ ತೋರಿಸಿ ಅಂತ. ದೇಶವೆಲ್ಲ ಗದ್ದಲ ಆಯಿತು. ಬಾಬಾ ಒಪ್ಪಲಿಲ್ಲ.

ಈ ಕಥೆಯಲ್ಲಿ ಜನ ಪವಾಡದ ಭಾಗ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ನನ್ನ ಗಮನ ಲೆಟರ್‌ಹೆಡ್ಡಿನ ಮೇಲೆ. ಅದೇ ಪ್ರಶ್ನೆಯನ್ನು ಒಬ್ಬ ಎಸ್ಸೆಸ್ಸೆಲ್ಸಿ ಹುಡುಗ ಮನೆಯಲ್ಲಿ ಕೇಳಿದ್ದರೆ ಅಧಿಕಪ್ರಸಂಗಿ ಅಂತ ತಲೆಗೆ ಮೊಟಕುತ್ತಿದ್ದರು. ವಿಶ್ವವಿದ್ಯಾಲಯದ ಕುಲಪತಿ, ಸಮಿತಿ ಮಾಡಿ, ಅಧಿಕೃತ ಪತ್ರದಲ್ಲಿ ಕೇಳಿದಾಗ ಅದು ವಿಚಾರಣೆ ಆಯಿತು. ಪ್ರಶ್ನೆಯ ಬೆನ್ನಿಗೆ ಒಂದು ಸಂಸ್ಥೆ ನಿಂತಿತು. ಮಕ್ಕಳಿಗೆ ಬೇಕಾದದ್ದೂ ಅದೇ. ಪ್ರಶ್ನೆ ಕೇಳಿ ಅಂತ ಹೇಳುವವರು ಬೇಕಾದಷ್ಟಿದ್ದಾರೆ. ಕೇಳಿದಮೇಲೆ ಬೆನ್ನಿಗೆ ನಿಲ್ಲುವವರು ಎಷ್ಟು ಜನ ಇದ್ದಾರೆ?

ಕಾಕತಾಳೀಯ ನೋಡಿ, ಅದೇ 1976ರಲ್ಲೇ ಸಂವಿಧಾನಕ್ಕೆ 42ನೇ ತಿದ್ದುಪಡಿ ಆಗಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಅಂತ 51ಎ ವಿಧಿಯಲ್ಲಿ ಸೇರಿತು. ತುರ್ತುಪರಿಸ್ಥಿತಿಯ ಕಾಲ. ಸರ್ಕಾರವನ್ನು ಪ್ರಶ್ನೆ ಕೇಳಿದವರು ಜೈಲಿನಲ್ಲಿದ್ದರು, ಪ್ರಶ್ನೆ ಕೇಳುವ ಮನೋಭಾವ ಕರ್ತವ್ಯವಾಗಿ ಪುಸ್ತಕಕ್ಕೆ ಬಂತು. ನಮ್ಮ ದೇಶದಲ್ಲಿ ಇಂಥವು ಆಗುತ್ತಿರುತ್ತವೆ.

ಆದರೆ ಪವಾಡವನ್ನು ಪ್ರಶ್ನಿಸುವುದು ಒಂದು ಲೆಕ್ಕದಲ್ಲಿ ಸುಲಭ. ವಿಭೂತಿ ಗಾಳಿಯಿಂದ ಬಂತಾ, ಬನಿಯನ್ನಿನ ಒಳಗಿಂದ ಬಂತಾ ಅಂತ ನೋಡಿದರೆ ಗೊತ್ತಾಗುತ್ತದೆ. ಪೂರ್ವಗ್ರಹ ಹಾಗಲ್ಲ. ಅದಕ್ಕೆ ಸಾಕ್ಷಿ ಕೊಟ್ಟರೂ ಕರಗುವುದಿಲ್ಲ. ಜೊತೆಗೆ ಅದರಿಂದ ನಮಗೆ ಲಾಭ ಇದೆ. ವಿಜ್ಞಾನ ಪಾಠ ಮಾಡುತ್ತಾ ಗ್ರಹಣದ ದಿನ ಹೊರಗೆ ನಿಂತು ತಿಂಡಿ ತಿಂದು ತೋರಿಸುವ ಮೇಷ್ಟ್ರು, ಬಾಡಿಗೆ ಮನೆ ಕೊಡುವಾಗ ‘ನಿಮ್ಮದು ಯಾವ ಪೈಕಿ’ ಅಂತ ಕೇಳುತ್ತಾರೆ. ಮುಸ್ಲಿಂ ಹೆಸರು ಕೇಳಿದರೆ ಮನೆ ಆಗಲೇ ಬೇರೆಯವರಿಗೆ ಕೊಟ್ಟಾಯಿತು ಅನ್ನುತ್ತಾರೆ. ಅವರ ತಲೆಯಲ್ಲಿ ಎರಡೂ ಜಗಳ ಇಲ್ಲದೆ ಇರುತ್ತವೆ.

ಪಾಠ ಹೇಳಿದರೆ ಕರಗದ್ದು ಯಾವುದರಿಂದ ಕರಗುತ್ತದೆ? ಇದಕ್ಕೆ ದೆಹಲಿಯಲ್ಲಿ ನಡೆದ ಒಂದು ಅಧ್ಯಯನ ಇದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕೆಲಸಕ್ಕೆ ನೇರವಾಗಿ ಬರುವಂಥದ್ದು.

ದೆಹಲಿಯಲ್ಲಿ ಶ್ರೀಮಂತರ ಮಕ್ಕಳು ಹೋಗುವ ಎಷ್ಟೋ ಖಾಸಗಿ ಶಾಲೆಗಳು ಸರ್ಕಾರ ಕಮ್ಮಿ ಬೆಲೆಗೆ ಕೊಟ್ಟ ಜಾಗದಲ್ಲಿವೆ. 2007ರಲ್ಲಿ ಸರ್ಕಾರ ಅವರಿಗೆ ಒಂದು ಕಟ್ಟುಪಾಡು ಹಾಕಿತು: ಬಡ ಮಕ್ಕಳಿಗೆ 20 ಶೇಕಡಾ ಸೀಟು ಕೊಡಬೇಕು, ಫೀಸ್ ತೆಗೆದುಕೊಳ್ಳಬಾರದು. ಹೀಗೆ ಕೆಲವು ತರಗತಿಗಳಲ್ಲಿ ಬಡ ಮಕ್ಕಳು ಬಂದರು, ಅದಕ್ಕಿಂತ ಮುಂಚೆ ಸೇರಿದ ತರಗತಿಗಳಲ್ಲಿ ಇರಲಿಲ್ಲ. ಗೌತಮ್ ರಾವ್ ಅನ್ನುವ ಅರ್ಥಶಾಸ್ತ್ರಜ್ಞ 17 ಶಾಲೆಗಳ 2 ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಇಟ್ಟುಕೊಂಡು ಈ ಎರಡು ಬಗೆಯ ತರಗತಿಗಳನ್ನು ಹೋಲಿಸಿದರು.

ಒಂದು ರಿಲೇ ಓಟ ಏರ್ಪಡಿಸಿದರು. ಶ್ರೀಮಂತ ಮಗು ತನ್ನ ಜೋಡಿಯನ್ನು ತಾನೇ ಆರಿಸಿಕೊಳ್ಳಬೇಕು. ಒಬ್ಬ ಜೋರಾಗಿ ಓಡುವ ಬಡ ಹುಡುಗ. ಇನ್ನೊಬ್ಬ ಅವನಷ್ಟು ಓಡದ ಶ್ರೀಮಂತ ಹುಡುಗ. ಆರಿಸಿಕೊಂಡ ಜೋಡಿಯ ಜೊತೆ ಸ್ವಲ್ಪ ಹೊತ್ತು ಕಳೆಯಲೂ ಬೇಕು. ಗೆದ್ದರೆ ಬಹುಮಾನ. ಬಹುಮಾನ 50 ರೂಪಾಯಿ ಇದ್ದಾಗ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರು ನಿಧಾನದ ಶ್ರೀಮಂತ ಹುಡುಗನನ್ನೇ ಆರಿಸಿಕೊಂಡರು. ಸೋತರೂ ಪರವಾಗಿಲ್ಲ, ಅವನ ಜೊತೆ ಬೇಡ. ಬಹುಮಾನ 500ಕ್ಕೆ ಏರಿದಾಗ ಹಾಗೆ ಮಾಡಿದವರು ನೂರಕ್ಕೆ ಆರು ಜನ. ಅಂದರೆ ಪೂರ್ವಗ್ರಹಕ್ಕೂ ಒಂದು ರೇಟು ಇದೆ. ದುಬಾರಿ ಆದರೆ ಬಿಡುತ್ತಾರೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಬಡ ಮಕ್ಕಳ ಜೊತೆ ಓದಿದ್ದ ಶ್ರೀಮಂತ ಮಕ್ಕಳಲ್ಲಿ ಈ ಭೇದ ಎಣಿಸುವುದು ಕಮ್ಮಿ ಇತ್ತು. ಅವರು ಹಂಚಿಕೊಳ್ಳುವುದರಲ್ಲೂ ಧಾರಾಳ ಆಗಿದ್ದರು. ಮತ್ತೆ, ಕೆಲವು ಶಾಲೆಗಳಲ್ಲಿ ಮಕ್ಕಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಗುಂಪು ಮಾಡಿ ಕೂರಿಸುತ್ತಿದ್ದರು. ಯಾರ ಗುಂಪಿಗೆ ಯಾರು ಬೀಳುತ್ತಾರೆ ಅನ್ನುವುದು ಹೆಸರಿನ ಮೊದಲ ಅಕ್ಷರದ ಮೇಲೆ ನಿಂತಿತ್ತು. ಹಾಗೆ ಬಡ ಮಗುವಿನ ಗುಂಪಿಗೆ ಬಿದ್ದ ಶ್ರೀಮಂತ ಮಕ್ಕಳು ಹೆಚ್ಚು ಬದಲಾಗಿದ್ದರು. ಯಾರೂ ಅವರಿಗೆ ಸಮಾನತೆಯ ಬಗ್ಗೆ ಭಾಷಣ ಮಾಡಿರಲಿಲ್ಲ. ವರ್ಣಮಾಲೆ ಮಾಡಿದ ಕೆಲಸ ಅದು.

ಹೆತ್ತವರ ಭಯ ಏನಿತ್ತು? ನಮ್ಮ ಮಕ್ಕಳ ಮಾರ್ಕ್ಸ್ ಬಿದ್ದುಹೋಗುತ್ತದೆ ಅಂತ. ಹಿಂದಿ, ಗಣಿತದಲ್ಲಿ ಏನೂ ಬೀಳಲಿಲ್ಲ. ಇಂಗ್ಲಿಷಿನಲ್ಲಿ ಚೂರು ಕಮ್ಮಿ ಆಯಿತು. ಕ್ಲಾಸಿನಲ್ಲಿ ಕೆಟ್ಟ ಮಾತು ಆಡುವುದು ಸ್ವಲ್ಪ ಜಾಸ್ತಿ ಆಯಿತು. ಇದೇನು ದೊಡ್ಡ ನಷ್ಟ ಅಂತ ನನಗೆ ಅನ್ನಿಸುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಅದು ಪುಕ್ಕಟೆ ಸಿಗುತ್ತದೆ.

ನಮ್ಮಲ್ಲೂ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಪ್ರಕಾರ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ 25 ಶೇಕಡಾ ಸೀಟು ಬಂತು. ನಾವು ಅದನ್ನು ಹೇಗೆ ಬರಮಾಡಿಕೊಂಡೆವು? 2012ರಲ್ಲಿ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಆರ್‌ಟಿಇ ಮಕ್ಕಳನ್ನು ಗುರುತು ಹಿಡಿಯುವುದಕ್ಕೆ ಅವರ ಕೂದಲು ಕತ್ತರಿಸಿದರು ಅನ್ನುವ ದೂರು ಸುದ್ದಿಯಾಯಿತು. ಆಮೇಲೆ 2018-19ರ ಹೊತ್ತಿಗೆ ಸರ್ಕಾರ ನಿಯಮವನ್ನೇ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಾಗಿಲ್ಲ ಅಂತಾಯಿತು. ಸರ್ಕಾರಿ ಶಾಲೆ ಉಳಿಯಲಿ ಅನ್ನುವ ಉದ್ದೇಶಕ್ಕೆ ನನ್ನ ತಕರಾರಿಲ್ಲ. ಸರ್ಕಾರದ ದುಡ್ಡು ಖಾಸಗಿಯವರಿಗೆ ಯಾಕೆ ಅನ್ನುವುದೂ ನ್ಯಾಯದ ಪ್ರಶ್ನೆಯೇ. ಆದರೆ ಆ ಚರ್ಚೆ ಎಲ್ಲ ಬಡ ಮಗುವಿಗೆ ಏನು ಸಿಗುತ್ತದೆ ಅನ್ನುವುದರ ಮೇಲೇ ನಡೆಯಿತು. ಶ್ರೀಮಂತ ಮಗು ಏನು ಕಳೆದುಕೊಳ್ಳುತ್ತದೆ ಅಂತ ಯಾರೂ ಕೇಳಲಿಲ್ಲ.

ನೀವು ಹೋಗುವುದು ಬಹುಪಾಲು ಸರ್ಕಾರಿ ಶಾಲೆಗಳಿಗೆ. ಅಲ್ಲಿ ಮಧ್ಯಾಹ್ನ ಒಂದು ಗಂಟೆಯ ಪಾಠ ಎಲ್ಲಕ್ಕಿಂತ ದೊಡ್ಡದು. ಬಿಸಿಯೂಟ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೂ ಬೇಯಿಸಿದ ಊಟ ಕೊಡಬೇಕು ಅಂತ ಆದೇಶ ಮಾಡಿತು. ನಮ್ಮಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು. 2004ರ ಏಪ್ರಿಲಿನಲ್ಲಿ ಕೋರ್ಟ್ ಇನ್ನೊಂದು ಮಾತು ಸೇರಿಸಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಅಂತ. ಹಸಿವು ನೀಗಿಸುವ ಯೋಜನೆ ಅಷ್ಟಕ್ಕೇ ನಿಲ್ಲಬಾರದು ಅನ್ನುವುದು ಯಾರಿಗೋ ಹೊಳೆದಿತ್ತು. ಯಾರ ಕೈಯ ಅನ್ನ ಅನ್ನುವುದೂ ಪಾಠವೇ.

ಆ ಪಾಠ ಊರಿಗೆ ಅರ್ಥ ಆಗಿದೆ, ಅದಕ್ಕೇ ಊರು ಸಿಟ್ಟಾಗುತ್ತದೆ. ದಲಿತ ಅಡುಗೆಯವರು ಬಂದರು ಅಂತ ಊಟ ಬಿಟ್ಟದ್ದು, ಮಕ್ಕಳ ಟಿಸಿ ತೆಗೆದುಕೊಂಡು ಹೋದದ್ದು ಕೋಲಾರ, ಚಾಮರಾಜನಗರದ ಕಡೆಗಳಿಂದ ಸುದ್ದಿಯಾಗಿದೆ. ಅಂಥ ಜಗಳಗಳಲ್ಲಿ ಮಕ್ಕಳ ಮುಖ ನೋಡಿ. ಅನ್ನ ಬೇಡ ಅನ್ನುವುದು ಮಗುವಿನ ಮಾತಲ್ಲ. ಹಸಿದ ಮಗುವಿಗೆ ಬೇಕಾದದ್ದು ಬಿಸಿ ಅನ್ನ, ಸಾಂಬಾರು. ಬೆಳಿಗ್ಗೆ ಹೊರಡುವಾಗ ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ.

ಮಕ್ಕಳೇ ಮಾತಾಡಿದಾಗ ಹೇಗಿರುತ್ತದೆ ಅಂತ 2021ರ ಡಿಸೆಂಬರಿನಲ್ಲಿ ನೋಡಿದೆವು. ಕಲ್ಯಾಣ ಕರ್ನಾಟಕದ ಕಡೆ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದ್ದರು. ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಒಬ್ಬ ಹುಡುಗಿ, ಶಾಲೆಯ ಯೂನಿಫಾರ್ಮಿನಲ್ಲೇ, ಮೈಕ್ ಮುಂದೆ ಕೇಳಿದಳು. ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ, ಆಗ ಏನು ಮಾಡುತ್ತೀರಿ ಅನ್ನುವ ಅರ್ಥದಲ್ಲಿ. ಆ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ. ಮುಕ್ತಾಬಾಯಿಯ ತಂಗಿ ಅವಳು. ಎದುರಿನವರು ಎಷ್ಟು ದೊಡ್ಡವರು ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತನ್ನ ತಟ್ಟೆಯ ವಿಷಯ, ತಾನು ಕೇಳಿದಳು.

ಈಗ ನಿಮ್ಮ ಕ್ಲಾಸ್ ರೂಮು. ನಾನು ಕೆಲಸ ಮಾಡಿದ ಒಂದು ಹೈಸ್ಕೂಲಿನಲ್ಲಿ 17ನೇ ವಿಧಿಯ ಪಾಠ ನಡೆಯುತ್ತಿತ್ತು. ಅಸ್ಪೃಶ್ಯತೆ ನಿಷೇಧ. ಒಬ್ಬ ಹುಡುಗ ಎದ್ದು, ‘ಸರ್, ಇದು ನಮ್ಮೂರಿಗೂ ಬರುತ್ತಾ?’ ಅಂದ. ಯಾಕಪ್ಪಾ ಅಂದೆ. ‘ಹೋಟ್ಲಲ್ಲಿ ನಮ್ ಲೋಟ ಬೇರೆ ಇಡ್ತಾರೆ’ ಅಂದ. ಕ್ಲಾಸ್ ಗಪ್‌ಚುಪ್. ಯಾಕೆಂದರೆ ಆ ಹೋಟೆಲಿನವರ ಮಗ ಎರಡು ಬೆಂಚು ಹಿಂದೆ ಕೂತಿದ್ದ. ಅವನು ಕೆಂಪಗಾಗಿ, ‘ಅದು ಪಾರ್ಸಲ್ ಲೋಟ ಸರ್’ ಅಂದ. ಯಾರೋ ಕಿಸಕ್ ಅಂದರು. ನಾನು ಇಬ್ಬರಲ್ಲಿ ಯಾರನ್ನೂ ಬೈಯಲಿಲ್ಲ. ಎಲ್ಲರೂ ಮನೆಗೆ ಹೋಗಿ ಊರಲ್ಲಿ ಯಾವುದು ಯಾರಿಗೆ ಬೇರೆ ಅಂತ ನೋಡಿ ಬರೆದುಕೊಂಡು ಬನ್ನಿ ಅಂದೆ. ಬಾವಿ, ಕಟಿಂಗ್ ಅಂಗಡಿ, ದೇವಸ್ಥಾನದ ಮೆಟ್ಟಿಲು, ಮದುವೆ ಊಟದ ಪಂಕ್ತಿ, ಸ್ಮಶಾನ. ಅವರು ಬರೆದು ತಂದದ್ದು ನನಗೇ ಗೊತ್ತಿರಲಿಲ್ಲ. ಹೋಟೆಲಿನವರ ಮಗ ಬರೆದದ್ದು ಎಲ್ಲಕ್ಕಿಂತ ಉದ್ದ ಇತ್ತು. ಎಲ್ಲವೂ ಅವನ ಕಣ್ಣ ಮುಂದೆಯೇ ನಡೆಯುತ್ತಿತ್ತಲ್ಲ.

ಕೆಲವು ತಿಂಗಳಲ್ಲಿ ಆ ಹೋಟೆಲಿನಲ್ಲಿ ಎಲ್ಲರಿಗೂ ಪೇಪರ್ ಲೋಟ ಬಂತು. ಖುಷಿಪಡಬೇಕೋ ಬೇಡವೋ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಎಷ್ಟೋ ಊರುಗಳಲ್ಲಿ ಹೀಗೇ ಆಗಿದೆ. ಒಬ್ಬರು ಕುಡಿದದ್ದನ್ನು ಇನ್ನೊಬ್ಬರು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಜಗಳ ಮುಗಿಯಿತು, ಪ್ರಶ್ನೆ ಕಸದ ಬುಟ್ಟಿಗೆ ಹೋಯಿತು.

ನಮ್ಮ ಶಾಲೆಗಳ ಒಳಗೇ ನಡೆಯುವ ಒಂದೆರಡನ್ನು ಹೇಳಿಬಿಡುತ್ತೇನೆ. ಸ್ಕಾಲರ್‌ಶಿಪ್ ಅರ್ಜಿ ಬಂದಾಗ ಕ್ಲಾಸಿಗೆ ಹೋಗಿ ‘ಎಸ್ಸಿ ಎಸ್ಟಿ ಮಕ್ಕಳು ಎದ್ದು ನಿಲ್ಲಿ’ ಅನ್ನುವುದು. ಆ ಮಗು ಎದ್ದು ನಿಂತ ಅರ್ಧ ನಿಮಿಷ ಉಳಿದ ನಲವತ್ತು ಮಕ್ಕಳು ತಿರುಗಿ ನೋಡುತ್ತಾರೆ. ನಾಗರಿಕಶಾಸ್ತ್ರದ ಇಡೀ ವರ್ಷದ ಪಾಠ ಅಲ್ಲಿಗೆ ಅಳಿಸಿಹೋಗುತ್ತದೆ. ಪಟ್ಟಿ ಆಫೀಸಿನಲ್ಲಿದೆ, ಒಬ್ಬೊಬ್ಬರನ್ನೇ ಕರೆದು ಅರ್ಜಿ ಕೊಟ್ಟರೆ ಏನು ಕಷ್ಟ? ಇನ್ನೊಂದು ಪೊರಕೆ. ಯಾರ ಕೈಗೆ ಕೊಡುತ್ತೀರಿ? ಸ್ಟಾಫ್ ರೂಮಿಗೆ ಟೀ ತರುವುದಕ್ಕೆ ಯಾರನ್ನು ಕಳಿಸುತ್ತೀರಿ, ಶೌಚಾಲಯಕ್ಕೆ ನೀರು ಹಾಕುವುದಕ್ಕೆ ಯಾರನ್ನು ಕರೆಯುತ್ತೀರಿ? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೇ ಇಳಿಸಿದ್ದರು. ರಾಜ್ಯವೇ ತಲೆ ತಗ್ಗಿಸಿತು. ಅಂಥದ್ದು ಒಂದೇ ದಿನದಲ್ಲಿ ಆಗುವುದಿಲ್ಲ. ಮೊದಲು ಪೊರಕೆ ಯಾರಿಗೆ ಅನ್ನುವುದು ಅಭ್ಯಾಸ ಆಗಿರುತ್ತದೆ.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.

(ಒಬ್ಬ ವಿದ್ಯಾರ್ಥಿನಿ: ‘ಸರ್, ಮಕ್ಕಳನ್ನ ಬೆರೆಸಿ ಕೂರಿಸಿದ್ರೆ ಪೋಷಕರು ಜಗಳಕ್ಕೆ ಬರ್ತಾರೆ. ಹೊಸದಾಗಿ ಸೇರಿದ ನಮ್ ಮಾತು ಯಾರು ಕೇಳ್ತಾರೆ?’)

ಬರುತ್ತಾರಮ್ಮ, ಖಂಡಿತ ಬರುತ್ತಾರೆ. ಅದಕ್ಕೇ ನೀವು ಬೆರೆಸಿದಿರಿ ಅಂತ ಕಾಣಬಾರದು. ಹಾಜರಿ ಪುಸ್ತಕದ ಕ್ರಮದಲ್ಲಿ ಕೂರಿಸಿ, ಪ್ರತಿ ಸೋಮವಾರ ಒಂದೊಂದು ಜಾಗ ಮುಂದಕ್ಕೆ ಸರಿಸಿ. ಕೇಳಿದರೆ ಹಿಂದೆ ಕೂತವರಿಗೂ ಬೋರ್ಡ್ ಕಾಣಬೇಕಲ್ಲ ಅನ್ನಿ. ಸುಳ್ಳೇನಲ್ಲ. ಪೊರಕೆ, ನೀರು, ಬೋರ್ಡ್ ಒರೆಸುವುದು ಎಲ್ಲಕ್ಕೂ ಅದೇ ಕ್ರಮದ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಶೌಚಾಲಯದ ಕೆಲಸ ಮಾತ್ರ ಯಾವ ಮಗುವಿಗೂ ಬೇಡ. ಹೆಡ್‌ಮಾಸ್ಟರ್ ಸಹಿ ಮೊದಲ ದಿನವೇ ತೆಗೆದುಕೊಳ್ಳಿ.

(ಇನ್ನೊಬ್ಬರು: ‘ಅಡುಗೆಯವರ ವಿಷಯದಲ್ಲಿ ಊರೇ ಒಂದಾದ್ರೆ?’)

ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ಊಟ ರುಚಿ ನೋಡಬೇಕು ಅಂತ ಬಿಸಿಯೂಟದ ನಿಯಮವೇ ಇದೆ. ಬಹಳ ಕಡೆ ಅಡುಗೆಕೋಣೆಯಲ್ಲಿ ಒಂದು ಚಮಚ ನೋಡಿ ರಿಜಿಸ್ಟರಿಗೆ ಸಹಿ ಹಾಕಿ ಮುಗಿಸುತ್ತಾರೆ. ನೀವು ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲೇ ಕೂರಿ. ಅಡುಗೆಯವರನ್ನು ಅಕ್ಕ ಅಂತ ಕರೆದು ಇನ್ನೊಂದು ಸೌಟು ಸಾಂಬಾರು ಕೇಳಿ ಹಾಕಿಸಿಕೊಳ್ಳಿ. ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯ ಸಭೆ ಇದ್ದ ದಿನ ಅಧ್ಯಕ್ಷರನ್ನೂ ಸದಸ್ಯರನ್ನೂ ಊಟದ ಹೊತ್ತಿಗೇ ಕರೆಯಿರಿ. ಬಾಯಿ ಮಾತಿನ ಜಗಳ ಆದರೆ ಅವತ್ತೇ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಡುಗೆಯವರನ್ನು ಬೇರೆ ಶಾಲೆಗೆ ಹಾಕಿ ರಾಜಿ ಮಾಡೋಣ ಅಂತ ಯಾರಾದರೂ ದೊಡ್ಡವರು ಬಂದೇ ಬರುತ್ತಾರೆ. ಆ ಕಾಗದಕ್ಕೆ ಮಾತ್ರ ನೀವು ಸಹಿ ಹಾಕಬೇಡಿ.